ದಿನಾ ಬರುತ್ತಿದ್ದ "ಮುಗಿಯಿತು": ಒಂದು ಅಡಿಕೆ ಅಂಗಡಿಯ ಬ್ಯಾಕಪ್ ಪ್ರಕರಣ

ಊರು ಯಾವುದು ಅಂತ ಹೇಳುವುದಿಲ್ಲ. ತೀರ್ಥಹಳ್ಳಿ ಕಡೆ ಅಂತ ಇಟ್ಟುಕೊಳ್ಳಿ. ಅಂಗಡಿಯವರನ್ನು ಕೇಳಿಯೇ ಇದನ್ನು ಬರೆಯುತ್ತಿದ್ದೇನೆ. ಚೀಟಿ ನಂಬರು, ತಾರೀಕುಗಳನ್ನು ಸ್ವಲ್ಪ ಆಚೀಚೆ ಮಾಡಿದ್ದೇನೆ. ತಪ್ಪುಗಳನ್ನು ಮಾತ್ರ ಮುಟ್ಟಿಲ್ಲ, ಅವು ಹೆಚ್ಚುಕಮ್ಮಿ ಎಲ್ಲವೂ ನನ್ನವೇ.

ಅದೊಂದು ಅಡಿಕೆ ವ್ಯಾಪಾರದ ಅಂಗಡಿ. ರೈತರು ಮೂಟೆ ತರುತ್ತಾರೆ. ರಾಶಿ, ಬೆಟ್ಟೆ, ಸರಕು, ಗೊರಬಲು ಅಂತ ಅಡಿಕೆಯ ಒಂದೊಂದು ಬಗೆಗೂ ಬೇರೆ ಬೇರೆ ತೂಕವಾಗುತ್ತದೆ. ಲೆಕ್ಕ ನೋಡುವ ಅಕ್ಕ ಚೀಟಿ ಬರೆಯುತ್ತಾರೆ, ಆಮೇಲೆ ಕಂಪ್ಯೂಟರಿಗೆ ಎಂಟ್ರಿ ಮಾಡುತ್ತಾರೆ. ಯಾರಿಗೆ ಎಷ್ಟು ಮುಂಗಡ ಹೋಗಿದೆ, ಎಷ್ಟು ಬಾಕಿ ಎಲ್ಲವೂ ಅದರಲ್ಲೇ. ಉಬುಂಟು 22.04 ಅನ್ನುವ ಲಿನಕ್ಸ್ ಇರುವ ಒಂದೇ ಒಂದು ಡೆಸ್ಕ್‌ಟಾಪ್, ಹಿಂದೆ ಮರಿಯಾಡಿಬಿ ಡೇಟಾಬೇಸ್, ಪರಿಚಯದವರೊಬ್ಬರು ಬರೆದುಕೊಟ್ಟ ಬಿಲ್ಲಿಂಗ್ ಪ್ರೋಗ್ರಾಂ. ಯುಪಿಎಸ್ ಇದೆ, ಕರೆಂಟ್ ಹೋದರೆ ಹದಿನೈದು ನಿಮಿಷ ತಡೆಯುತ್ತದೆ. ಮಳೆಗಾಲದಲ್ಲಿ ನಮ್ಮ ಕಡೆ ಕರೆಂಟ್ ಹೋದರೆ ಹದಿನೈದು ನಿಮಿಷಕ್ಕೆ ಬರುತ್ತದಾ, ಹದಿನೈದು ಗಂಟೆಗೆ ಬರುತ್ತದಾ ಅಂತ ಯಾರೂ ಹೇಳಲಾರರು.

ಬ್ಯಾಕಪ್ ಸ್ಕ್ರಿಪ್ಟ್, ಅಂದರೆ ಲೆಕ್ಕದ ನಕಲು ತೆಗೆದಿಡುವ ಕಮಾಂಡುಗಳ ಪಟ್ಟಿ, ನಾನೇ ಬರೆದದ್ದು. ದಿನಾ ಮಧ್ಯಾಹ್ನ 1:30ಕ್ಕೆ, ಎಲ್ಲರೂ ಊಟಕ್ಕೆ ಏಳುವ ಹೊತ್ತಿಗೆ, ಹೇಳಿದ ಸಮಯಕ್ಕೆ ಕೆಲಸ ಶುರು ಮಾಡುವ ಕ್ರಾನ್ ಅನ್ನುವ ಪ್ರೋಗ್ರಾಂ ಅದನ್ನು ಓಡಿಸುತ್ತಿತ್ತು. ಮೈಸೀಕ್ವೆಲ್‌ಡಂಪ್ ಡೇಟಾಬೇಸನ್ನು ಓದಿ ಹೊರಗೆ ಹಾಕುತ್ತದೆ, ಅದನ್ನು ಪೈಪ್ ಮೂಲಕ ಜಿಜಿಪ್‌ಗೆ ಕೊಟ್ಟರೆ ಒತ್ತಿ ಚಿಕ್ಕದು ಮಾಡಿ ಪೆನ್‌ಡ್ರೈವ್‌ನಲ್ಲಿ ಆ ದಿನದ ತಾರೀಕಿನ ಫೈಲ್ ಆಗಿ ಇಡುತ್ತದೆ. ಒಂದೊಂದು ಸುಮಾರು 3 ಎಂಬಿ. ಸಂಜೆ ಅಕ್ಕ ಪೆನ್‌ಡ್ರೈವ್ ಕಿತ್ತು ಕ್ಯಾಶ್ ಪೆಟ್ಟಿಗೆಯೊಳಗೆ ಇಡುತ್ತಾರೆ. ಈ ವ್ಯವಸ್ಥೆಯಲ್ಲಿ ಸರಿಯಾಗಿ ನಡೆದದ್ದು ಕೊನೆಯ ಆ ಕೆಲಸ ಒಂದೇ ಅಂತ ಆಮೇಲೆ ಗೊತ್ತಾಯಿತು.

ಕೇಳಿದ್ದು ಇಷ್ಟೇ

ಯಜಮಾನರು ಒಂದು ದಿನ ಫೋನ್ ಮಾಡಿದರು. "ಅದೆಂತದೋ ಬ್ಯಾಕಪ್ ಅಂತ ಇಟ್ಟಿದ್ದೀಯಲ್ಲ ಮಾರಾಯಾ, ಅದು ಆಗ್ತದೋ ಇಲ್ವೋ ನಮಗೆ ಗೊತ್ತಾಗೋದು ಹೇಗೆ?"

ನ್ಯಾಯವಾದ ಪ್ರಶ್ನೆ. ಆವರೆಗೆ ಅದು ಸದ್ದಿಲ್ಲದೆ ನಡೆಯುತ್ತಿತ್ತು. ಕ್ರಾನ್‌ನ ಸ್ವಭಾವವೇ ಹಾಗೆ. ಸ್ಕ್ರಿಪ್ಟ್ ಏನಾದರೂ ಮಾತಾಡಿದರೆ, ಅದು ಸಾಧಾರಣ ಮಾತಾಗಲಿ ಎರರ್ ಆಗಲಿ, ಕ್ರಾನ್ ಅದನ್ನು ಆ ಬಳಕೆದಾರನಿಗೆ ಮೇಲ್ ಮಾಡಲು ನೋಡುತ್ತದೆ. ಹಳೆ ಯುನಿಕ್ಸ್ ಕಾಲದ ಪದ್ಧತಿ, ಆಗ ಪ್ರತಿ ಮೆಷಿನ್‌ನಲ್ಲೂ ಮೇಲ್ ವ್ಯವಸ್ಥೆ ಇರುತ್ತಿತ್ತು. ಈಗಿನ ಉಬುಂಟು ಡೆಸ್ಕ್‌ಟಾಪ್‌ನಲ್ಲಿ ಅದು ಇರುವುದಿಲ್ಲ. ಹಾಗಾಗಿ ಲಾಗ್‌ನಲ್ಲಿ ಒಂದು ಸಾಲು ಬರೆದು ಕೈತೊಳೆದುಕೊಳ್ಳುತ್ತದೆ: "ನೋ ಎಂಟಿಎ ಇನ್‌ಸ್ಟಾಲ್ಡ್, ಡಿಸ್ಕಾರ್ಡಿಂಗ್ ಔಟ್‌ಪುಟ್". ಅಂದರೆ ಮೇಲ್ ಕಳಿಸುವವರು ಯಾರೂ ಇಲ್ಲ, ನಿನ್ನ ಸ್ಕ್ರಿಪ್ಟ್ ಹೇಳಿದ್ದನ್ನು ಎಸೆಯುತ್ತಿದ್ದೇನೆ ಅಂತ. ಈ ಸಾಲನ್ನು ನಾನು ಆಗಲೇ ನೋಡಿದ್ದೆ. ನೋಡಿ ನಕ್ಕಿದ್ದೆ ಕೂಡ.

ಮೊದಲು 'ವಾಲ್' ಕಮಾಂಡ್ ಪ್ರಯತ್ನಿಸಿದೆ. ಅದು ತೆರೆದಿರುವ ಎಲ್ಲ ಟರ್ಮಿನಲ್‌ಗಳ, ಅಂದರೆ ಕಮಾಂಡ್ ಟೈಪ್ ಮಾಡುವ ಕಿಟಕಿಗಳ ಮೇಲೂ ಸಂದೇಶ ಎಸೆಯುತ್ತದೆ. ಆದರೆ ಅಡಿಕೆ ಅಂಗಡಿಯಲ್ಲಿ ಟರ್ಮಿನಲ್ ತೆರೆದು ಕೂರುವವರು ಯಾರು? ಮೇಲಾಗಿ ಕನ್ನಡದಲ್ಲಿ ಬರೆದು ಕಪ್ಪು ಕನ್ಸೋಲ್‌ಗೆ ಹೋಗಿ ನೋಡಿದರೆ ಬರೀ ಚೌಕ ಚೌಕ. ಲಿನಕ್ಸ್ ಕನ್ಸೋಲ್‌ನ ಫಾಂಟ್‌ನಲ್ಲಿ ಹೆಚ್ಚೆಂದರೆ 512 ಅಕ್ಷರರೂಪಗಳಿಗೆ ಜಾಗ, ಒತ್ತಕ್ಷರ ಜೋಡಿಸುವ ವಿದ್ಯೆ ಅದಕ್ಕೆ ಗೊತ್ತೇ ಇಲ್ಲ. ಅದನ್ನು ಅಲ್ಲಿಗೇ ಬಿಟ್ಟೆ.

ಆಮೇಲೆ 'ನೋಟಿಫೈ-ಸೆಂಡ್'. ಪರದೆಯ ಮೇಲ್ಭಾಗದಲ್ಲಿ ಪುಟ್ಟ ಪೆಟ್ಟಿಗೆ ಇಳಿದು ಬರುತ್ತದಲ್ಲ, ಅದು. ಕೈಯಾರೆ ಸ್ಕ್ರಿಪ್ಟ್ ಓಡಿಸಿದೆ, ಚಂದವಾಗಿ ಬಂತು. ಕ್ರಾನ್‌ಗೆ ಬಿಟ್ಟೆ, ಬರಲಿಲ್ಲ.

ಇಲ್ಲಿ ಎಷ್ಟು ಜನ ಎಡವುತ್ತಾರೆ ಅಂದರೆ, ಸ್ವಲ್ಪ ನಿಂತು ಹೇಳುತ್ತೇನೆ. ನೀವು ಲಾಗಿನ್ ಆದಾಗ ನಿಮ್ಮ ಸೆಷನ್‌ಗೆ ಡಿ-ಬಸ್ ಅನ್ನುವ ಒಂದು ದಾರಿ ತೆರೆದುಕೊಳ್ಳುತ್ತದೆ. ಪ್ರೋಗ್ರಾಂಗಳು ಒಂದಕ್ಕೊಂದು ಮಾತಾಡುವುದು ಅದರ ಮೇಲೆ. ನೋಟಿಫೈ-ಸೆಂಡ್ ತಾನೇ ಏನೂ ತೋರಿಸುವುದಿಲ್ಲ, ಆ ದಾರಿಯಲ್ಲಿ ಡೆಸ್ಕ್‌ಟಾಪ್‌ಗೆ "ಇದನ್ನು ತೋರಿಸು" ಅಂತ ಹೇಳಿ ಕಳಿಸುತ್ತದೆ. ಆ ದಾರಿ ಎಲ್ಲಿದೆ ಅನ್ನುವ ವಿಳಾಸ ನಿಮ್ಮ ಟರ್ಮಿನಲ್‌ಗೆ ಗೊತ್ತು, ಕ್ರಾನ್‌ಗೆ ಗೊತ್ತಿಲ್ಲ. ಕ್ರಾನ್ ಓಡಿಸುವ ಸ್ಕ್ರಿಪ್ಟ್‌ಗೆ ಹೋಮ್ ಫೋಲ್ಡರ್, ಬಳಕೆದಾರನ ಹೆಸರು, ಕಮಾಂಡುಗಳನ್ನು ಎಲ್ಲಿ ಹುಡುಕಬೇಕು ಅನ್ನುವ ಚಿಕ್ಕದೊಂದು ಪಾತ್ ಇಷ್ಟೇ ಸಿಗುತ್ತದೆ. ಕಣ್ಣು ಕಟ್ಟಿ ಪೇಟೆಗೆ ಬಿಟ್ಟ ಹಾಗೆ.

ವಿಳಾಸ ನಾವೇ ಕೊಟ್ಟರೆ ಆಯಿತು. 'ಡಿಬಸ್ ಸೆಷನ್ ಬಸ್ ಅಡ್ರೆಸ್' ಅನ್ನುವ ವೇರಿಯಬಲ್, ಎಲ್ಲ ದೊಡ್ಡಕ್ಷರ, ನಡುವೆ ಅಂಡರ್‌ಸ್ಕೋರ್. ಅದಕ್ಕೆ ರನ್ ಫೋಲ್ಡರಿನ ಒಳಗೆ ಯೂಸರ್, ಅದರ ಒಳಗೆ 1000, ಅಲ್ಲಿರುವ 'ಬಸ್' ಅನ್ನುವ ಸಾಕೆಟ್‌ನ ವಿಳಾಸ. 1000 ಯಾಕೆಂದರೆ ಉಬುಂಟುವಿನಲ್ಲಿ ಮೊದಲು ಸೃಷ್ಟಿಯಾದ ಸಾಮಾನ್ಯ ಬಳಕೆದಾರನ ನಂಬರು ಅದು. ಈ ಒಂದು ಸಾಲು ಹಾಕಿದ್ದೇ ಪೆಟ್ಟಿಗೆ ಇಳಿದು ಬಂತು.

ಮೊದಲು ಇಂಗ್ಲಿಷಿನಲ್ಲಿ ಬರುತ್ತಿತ್ತು. ಅಕ್ಕ ಅದನ್ನು ಓದುತ್ತಲೇ ಇರಲಿಲ್ಲ, ಯಾವುದೋ ಅಪ್‌ಡೇಟ್ ಇರಬೇಕು ಅಂದುಕೊಂಡಿದ್ದರು. ಕನ್ನಡ ಮಾಡಿದೆ: "ಬ್ಯಾಕಪ್ ಮುಗಿಯಿತು". ಯಜಮಾನರು ಫೋನ್ ಮಾಡಿ "ಈಗ ಸಮಾಧಾನ" ಅಂದರು. ಎಲ್ಲ ಸೇರಿ ಎರಡು ದಿನದ ಕೆಲಸ. ದುಡ್ಡೂ ಕೊಟ್ಟರು.

ಕೃತ್ತಿಕೆ ಮಳೆ

ಮೇ ತಿಂಗಳ ನಡುವೆ ಒಂದು ಸಂಜೆ ಸಿಡಿಲು ಹೊಡೆಯಿತು. ಮುಂಗಾರಿಗೆ ಮುಂಚೆ ನಮ್ಮಲ್ಲಿ ಮಳೆಗಿಂತ ಅದರ ಅಬ್ಬರವೇ ಜಾಸ್ತಿ. ಯುಪಿಎಸ್ ಬಂದ್ ಮಾಡಿದ್ದರು, ಆದರೆ ಇಂಟರ್ನೆಟ್ ವೈರ್ ಕಿತ್ತಿರಲಿಲ್ಲ. ಮೋಡೆಮ್, ಮದರ್‌ಬೋರ್ಡ್, ಹಾರ್ಡ್ ಡಿಸ್ಕ್ ಮೂರೂ ಹೋದವು.

ಬೆಳಿಗ್ಗೆ ನಾನು ಹೋಗುವಾಗ ಗಾಬರಿಯೇನೂ ಇರಲಿಲ್ಲ. ಹೊಸ ಮೆಷಿನ್ ಹಿಡಿದುಕೊಂಡೇ ಹೋಗಿದ್ದೆ. "ಮಧ್ಯಾಹ್ನದೊಳಗೆ ಎಲ್ಲ ವಾಪಸ್" ಅಂತ ಹೇಳಿಯೂ ಬಿಟ್ಟೆ. ಅಕ್ಕ ಕ್ಯಾಶ್ ಪೆಟ್ಟಿಗೆಯಿಂದ ಪೆನ್‌ಡ್ರೈವ್ ತೆಗೆದುಕೊಟ್ಟರು. ತೆರೆದೆ. ಫೈಲುಗಳು ಸಾಲಾಗಿ ಇದ್ದವು, ನಿನ್ನೆಯ ತಾರೀಕಿನದೂ ಇತ್ತು. ಅದರ ಗಾತ್ರ 20 ಬೈಟ್.

ಮೊನ್ನೆಯದೂ 20 ಬೈಟ್. ಅದರ ಹಿಂದಿನದೂ. ಸ್ಕ್ರೋಲ್ ಮಾಡುತ್ತಾ ಹೋದೆ. 36 ಫೈಲ್, ಎಲ್ಲವೂ 20 ಬೈಟ್. ಏಪ್ರಿಲ್ ಮೊದಲ ದಿನದ್ದು ಮಾತ್ರ 3 ಎಂಬಿ ಇತ್ತು.

ಬರಿಗೈಯಲ್ಲಿ ಜಿಜಿಪ್‌ಗೆ ಏನೂ ಕೊಡದೆ ಓಡಿಸಿ ನೋಡಿ, 20 ಬೈಟ್‌ನ ಫೈಲ್ ಬರುತ್ತದೆ. ತಲೆಯ ಭಾಗ, ಬಾಲದ ಭಾಗ, ನಡುವೆ ಏನೂ ಇಲ್ಲ. ಖಾಲಿ ಗೋಣಿಚೀಲದ ಬಾಯಿ ಹೊಲಿದು, ಮೇಲೆ ತಾರೀಕಿನ ಚೀಟಿ ಅಂಟಿಸಿದ ಹಾಗೆ. ಆ 36 ದಿನವೂ ಅಕ್ಕನ ಪರದೆಯ ಮೇಲೆ "ಬ್ಯಾಕಪ್ ಮುಗಿಯಿತು" ಅಂತ ಬಂದಿತ್ತು.

ಮುಗಿಯಿತು ಅಂದರೆ ಕನ್ನಡದಲ್ಲಿ ಎರಡರ್ಥ ಇದೆ ಅಲ್ವಾ. ನನ್ನ ಸ್ಕ್ರಿಪ್ಟ್ ಸುಳ್ಳೇನೂ ಹೇಳಿರಲಿಲ್ಲ.

ಆಗಿದ್ದೇನು? ವರ್ಷದ ಲೆಕ್ಕ ಮುಗಿಸಿದ ಮೇಲೆ, ಏಪ್ರಿಲ್ 2ಕ್ಕೆ, ಬಿಲ್ಲಿಂಗ್ ಪ್ರೋಗ್ರಾಂ ಬರೆದವರು ಡೇಟಾಬೇಸಿನ ಪಾಸ್‌ವರ್ಡ್ ಬದಲಾಯಿಸಿದ್ದರು. ಒಳ್ಳೆಯ ಕೆಲಸವೇ, ಅವರನ್ನು ದೂರುವ ಹಾಗಿಲ್ಲ. ತಮ್ಮ ಪ್ರೋಗ್ರಾಂನಲ್ಲಿ ಹೊಸದನ್ನು ಹಾಕಿದರು. ಅದೇ ಪಾಸ್‌ವರ್ಡನ್ನು ನನ್ನ ಸ್ಕ್ರಿಪ್ಟ್ ಕೂಡ ಬಳಸುತ್ತದೆ ಅಂತ ಅವರಿಗೆ ಹೇಗೆ ಗೊತ್ತಾಗಬೇಕು? ನಾನು ಹೇಳಿರಲಿಲ್ಲ.

ಹೊಸ ಮೆಷಿನ್‌ನಲ್ಲಿ ಬೇಕೆಂದೇ ತಪ್ಪು ಪಾಸ್‌ವರ್ಡ್ ಕೊಟ್ಟು ಹಳೆ ಸ್ಕ್ರಿಪ್ಟ್ ಓಡಿಸಿ ನೋಡಿದೆ. ಮೈಸೀಕ್ವೆಲ್‌ಡಂಪ್ ಎರರ್ 1045 ಅಂತ ಕೂಗಿತು, ಒಳಗೆ ಬಿಡುತ್ತಿಲ್ಲ ಅಂತ. ಜಿಜಿಪ್‌ಗೆ ಏನೂ ಬರಲಿಲ್ಲ, ಏನೂ ಇಲ್ಲದ್ದನ್ನೇ ಅಚ್ಚುಕಟ್ಟಾಗಿ ಒತ್ತಿಟ್ಟಿತು. ನಮ್ಮ ಕಮಾಂಡುಗಳನ್ನು ಓದಿ ನಡೆಸುವ ಪ್ರೋಗ್ರಾಂ ಆದ ಶೆಲ್‌ನಲ್ಲಿ ಪೈಪ್ ಹಾಕಿದಾಗ ಇಡೀ ಸಾಲಿನ ಫಲಿತಾಂಶ ಅಂದರೆ ಕೊನೆಯ ಕಮಾಂಡಿನ ಫಲಿತಾಂಶ. ಜಿಜಿಪ್ ಸೊನ್ನೆ ಕೊಟ್ಟಿತು, ಅಂದರೆ ಎಲ್ಲ ಸರಿ ಅಂತ. ಅದೂ ಹಾಳಾಗಿ ಹೋಗಲಿ, ನಾನು ಆ ಸೊನ್ನೆಯನ್ನಾದರೂ ನೋಡಿದ್ದೆನಾ? ಇಲ್ಲ. ಡಂಪ್‌ನ ಸಾಲಿನ ಕೆಳಗೆ ಸುಮ್ನೆ ನೋಟಿಫೈ-ಸೆಂಡ್ ಬರೆದಿದ್ದೆ. ಮೇಲಿನ ಸಾಲು ಏನಾದರೂ ಆಗಲಿ, ಕೆಳಗಿನ ಸಾಲು ಓಡುತ್ತದೆ. ಇನ್ನು 1045ರ ಕೂಗು? ಅದು ಕ್ರಾನ್ ಕೈಗೆ ಹೋಗಿದೆ, ಕ್ರಾನ್ ದಿನಾ ಎಸೆದಿದೆ. ನಾನು ನಕ್ಕಿದ್ದೆನಲ್ಲ, ಅದೇ ಸಾಲು.

ಸಂದೇಶ ಪರದೆ ಮೇಲೆ ಬರುವಂತೆ ಮಾಡಲು ಎರಡು ದಿನ ಕೂತಿದ್ದೆ. ಅದು ನಿಜ ಹೇಳುತ್ತಿದೆಯಾ ಅಂತ ನೋಡಲು ಎರಡು ನಿಮಿಷ ಕೊಟ್ಟಿರಲಿಲ್ಲ. ಇನ್ನೂ ಕೆಟ್ಟದ್ದು ಏನೆಂದರೆ, ಸಂದೇಶ ಇಲ್ಲದಿದ್ದ ಕಾಲದಲ್ಲಿ ಯಜಮಾನರು ತಿಂಗಳಿಗೊಮ್ಮೆಯಾದರೂ ಅನುಮಾನ ಬಂದು ಪೆನ್‌ಡ್ರೈವ್ ತೆರೆಸಿ ನೋಡುತ್ತಿದ್ದರಂತೆ. ಪೆಟ್ಟಿಗೆ ಬರಲು ಶುರುವಾದ ಮೇಲೆ ನೋಡುವುದು ಬಿಟ್ಟರು.

ಲೆಕ್ಕ ಉಳಿದದ್ದು ಕಾರ್ಬನ್ ಪ್ರತಿಯಿಂದ. ಚೀಟಿ ಪುಸ್ತಕಗಳು ಇದ್ದವು. ಅಕ್ಕ ಮತ್ತು ಯಜಮಾನರ ಮಗಳು ಒಂಬತ್ತು ದಿನ ಕೂತು ಮತ್ತೆ ಎಂಟ್ರಿ ಮಾಡಿದರು. ನಾನೂ ಎರಡು ದಿನ ಓದಿ ಹೇಳಲು ಕೂತಿದ್ದೆ. ಯಜಮಾನರು ಬೈಯಲಿಲ್ಲ. "ಕಾಪಿ ಕುಡಿ" ಅಂದರು. ಬೈದಿದ್ದರೇ ಒಳ್ಳೆಯದಿತ್ತು.

ಎರಡನೇ ಸುತ್ತು

ಏಟು ತಿಂದವನು ವಿಪರೀತ ಮಾಡುತ್ತಾನೆ. ನಾನೂ ಮಾಡಿದೆ. ಪುಟ್ಟ ಪೆಟ್ಟಿಗೆ ಸಾಲದು ಅಂತ 'ಜೆನಿಟಿ' ಹಾಕಿದೆ. ಅದು ಪರದೆಯ ನಡುವೆ ಕಿಟಕಿ ತೆರೆದು, ಯಾರಾದರೂ ಓಕೆ ಒತ್ತುವವರೆಗೆ ಕಾಯುತ್ತದೆ. ಕಾಯುತ್ತದೆ ಅಂದರೆ ಸ್ಕ್ರಿಪ್ಟೂ ಅಲ್ಲೇ ಕಾಯುತ್ತದೆ, ಅದನ್ನು ಮರೆತೆ. ಪೆನ್‌ಡ್ರೈವನ್ನು ಸುರಕ್ಷಿತವಾಗಿ ಬಿಡಿಸುವ ಸಾಲು ಅದರ ಕೆಳಗಿತ್ತು. ಒಂದು ದಿನ ಅಕ್ಕ ಊಟ ಮುಗಿಸಿ ಬಂದವರು ಮೊದಲು ಪೆನ್‌ಡ್ರೈವ್ ಕಿತ್ತು, ಆಮೇಲೆ ಓಕೆ ಒತ್ತಿದರು. ಫೈಲ್ ಅರ್ಧಂಬರ್ಧ. ಎರಡು ವಾರದೊಳಗೆ ಅವರ ಬೆರಳು ಓದದೆಯೇ ಓಕೆ ಒತ್ತುವುದನ್ನು ಕಲಿತಿತ್ತು. ತೆಗೆದುಹಾಕಿದೆ.

ಆಮೇಲೆ ನಿಧಾನವಾಗಿ, ಮೊದಲು ಸಂದೇಶವನ್ನು ಪಕ್ಕಕ್ಕಿಟ್ಟು, ಏನನ್ನು ನೋಡಿ "ಸರಿ" ಅನ್ನಬೇಕು ಅಂತ ಯೋಚಿಸಿದೆ. ಪೆನ್‌ಡ್ರೈವ್ ನಿಜವಾಗಿ ಸಿಕ್ಕಿಸಿದೆಯಾ? 'ಮೌಂಟ್‌ಪಾಯಿಂಟ್' ಕಮಾಂಡ್ ಹೇಳುತ್ತದೆ. ಪೈಪ್‌ನಲ್ಲಿ ಯಾವ ಕಮಾಂಡ್ ಸೋತರೂ ಇಡೀ ಸಾಲು ಸೋತಂತೆ ಆಗಬೇಕು, ಅದಕ್ಕೆ 'ಪೈಪ್‌ಫೇಲ್' ಇದೆ. ಇದನ್ನು ಹಾಕಿದ ತಕ್ಷಣ "ಇಲ್ಲೀಗಲ್ ಆಪ್ಷನ್" ಅಂತ ಬೈಯಿಸಿಕೊಂಡೆ. ಸ್ಕ್ರಿಪ್ಟಿನ ಮೊದಲ ಸಾಲಿನಲ್ಲಿ 'ಎಸ್‌ಎಚ್' ಅಂತ ಬರೆದಿದ್ದೆ, ಉಬುಂಟುವಿನಲ್ಲಿ ಅದರ ಹಿಂದೆ ಇರುವುದು ಡ್ಯಾಶ್ ಅನ್ನುವ ಶೆಲ್, ಆ ಮೆಷಿನ್‌ನ ಡ್ಯಾಶ್‌ಗೆ ಪೈಪ್‌ಫೇಲ್ ಗೊತ್ತಿಲ್ಲ. ಅದು ಗೊತ್ತಿರುವ ಇನ್ನೊಂದು ಶೆಲ್ 'ಬ್ಯಾಶ್' ಅಂತ ತಿದ್ದಿದೆ. ಇನ್ನೊಂದು: ಮೈಸೀಕ್ವೆಲ್‌ಡಂಪ್ ಪೂರ್ತಿ ಮುಗಿದರೆ ಫೈಲಿನ ಕೊನೆಯ ಸಾಲಿನಲ್ಲಿ "ಡಂಪ್ ಕಂಪ್ಲೀಟೆಡ್" ಅಂತ ಬರೆದು ಸಮಯ ಹಾಕುತ್ತದೆ. ಆ ಸಾಲು ಇಲ್ಲದಿದ್ದರೆ ಅರ್ಧಕ್ಕೇ ನಿಂತಿದೆ ಅಂತ. ಅದನ್ನೂ ನೋಡುವಂತೆ ಮಾಡಿದೆ.

ಇಷ್ಟಾದರೂ ನನಗೆ ಧೈರ್ಯ ಬರಲಿಲ್ಲ. ಇವೆಲ್ಲವೂ ಮೆಷಿನ್ ತನ್ನನ್ನು ತಾನೇ ಹೊಗಳಿಕೊಳ್ಳುವ ಮಾತು. ಅಕ್ಕನಿಗೆ ತಾವೇ ಒಮ್ಮೆ ಕಣ್ಣಿಟ್ಟು "ಹೌದು" ಅನ್ನಲು ಬರುವಂಥದ್ದು ಏನಿದೆ?

ಅವರನ್ನೇ ಕೇಳಿದೆ. ಯೋಚಿಸಲೂ ಇಲ್ಲ. "ಕೊನೇ ಚೀಟಿ ನಂಬರು ತೋರಿಸಿ ಮಾರಾಯ್ರೆ. ಪುಸ್ತಕ ನನ್ನೆದುರೇ ಇರ್ತದೆ."

ಈ ಪ್ರಕರಣದಲ್ಲಿ ಎಲ್ಲ ತಿರುಗಿದ್ದು ಇಲ್ಲಿ. ಆದರೆ ಇಲ್ಲೂ ನಾನು ಜಾರುವವನಿದ್ದೆ. ಮೊದಲು ಬರೆದ ಸಾಲು ಕೊನೆಯ ಚೀಟಿ ನಂಬರನ್ನು ಓಡುತ್ತಿರುವ ಡೇಟಾಬೇಸಿನಿಂದಲೇ ತೆಗೆಯುತ್ತಿತ್ತು. ಅದು ಯಾವಾಗಲೂ ಸರಿಯೇ ಇರುತ್ತದೆ. ಬ್ಯಾಕಪ್ ಖಾಲಿ ಇದ್ದರೂ ಪರದೆಯ ಮೇಲೆ ಸರಿಯಾದ ನಂಬರೇ ಬರುತ್ತದೆ. ಮತ್ತೆ ಅದೇ ಗುಂಡಿ, ಬೇರೆ ದಾರಿಯಿಂದ! ನಂಬರು ಬರಬೇಕಾದ್ದು ಪೆನ್‌ಡ್ರೈವ್‌ನಲ್ಲಿರುವ ಫೈಲಿನಿಂದ.

ಹಾಗಾಗಿ ಈಗ ಸ್ಕ್ರಿಪ್ಟ್ ಆ ಫೈಲನ್ನು ಬಿಚ್ಚಿ, 'ಪರೀಕ್ಷೆ' ಅನ್ನುವ ಖಾಲಿ ಡೇಟಾಬೇಸಿಗೆ ತುಂಬಿ, ಅಲ್ಲಿಂದ ಕೊನೆಯ ಚೀಟಿ ನಂಬರು ಓದುತ್ತದೆ. ಹತ್ತು ಸೆಕೆಂಡಿನೊಳಗಿನ ಕೆಲಸ. ಇದನ್ನು ಯಾರಾದರೂ ಮಾಡುವುದಾದರೆ ಒಂದು ಎಚ್ಚರಿಕೆ: ಡಂಪ್ ತೆಗೆಯುವಾಗ 'ಡೇಟಾಬೇಸಸ್' ಅನ್ನುವ ಆಪ್ಷನ್ ಹಾಕಿದ್ದರೆ, ಯಾವ ಡೇಟಾಬೇಸಿಗೆ ಹೋಗಬೇಕು ಅಂತ ಫೈಲಿನೊಳಗೇ ಬರೆದಿರುತ್ತದೆ. ಆಗ ನೀವು ಪರೀಕ್ಷೆಗೆ ಅಂತ ಬಿಟ್ಟದ್ದು ನೇರ ಅಸಲಿ ಲೆಕ್ಕದ ಮೇಲೇ ಬಂದು ಕೂರುತ್ತದೆ. ನಾನು ಆ ಆಪ್ಷನ್ ಹಾಕಿರಲಿಲ್ಲ, ಪುಣ್ಯ. ಜೊತೆಗೆ ಪರೀಕ್ಷೆಗೆ ಬೇರೆಯೇ ಡೇಟಾಬೇಸ್ ಬಳಕೆದಾರನನ್ನು ಮಾಡಿ, ಅಸಲಿಯನ್ನು ಮುಟ್ಟುವ ಅಧಿಕಾರವನ್ನೇ ಕೊಡಲಿಲ್ಲ.

"ಮುಗಿಯಿತು" ಅನ್ನುವ ಪದ ತೆಗೆದೆ. ಈಗ ಬರುವ ಸಂದೇಶ: "ಪೆನ್‌ಡ್ರೈವ್‌ನಲ್ಲಿ ಕೊನೆಯ ಚೀಟಿ 8846. ಪುಸ್ತಕ ನೋಡಿ." ಸೋತರೆ: "ಬ್ಯಾಕಪ್ ಆಗಿಲ್ಲ. ಪೆನ್‌ಡ್ರೈವ್ ಹಾಕಿದೆಯಾ ನೋಡಿ, ಇದ್ದರೆ ಫೋನ್ ಮಾಡಿ." ಸೋಲಿನ ಸಂದೇಶವನ್ನು 'ಕ್ರಿಟಿಕಲ್' ದರ್ಜೆಗೆ ಏರಿಸಿದೆ. ಉಬುಂಟುವಿನ ಗ್ನೋಮ್ ಡೆಸ್ಕ್‌ಟಾಪ್‌ನಲ್ಲಿ ಸಾಧಾರಣ ಸಂದೇಶ ಕೆಲವೇ ಸೆಕೆಂಡಿಗೆ ಮೇಲೆ ಸರಿದುಹೋಗುತ್ತದೆ, ಎಷ್ಟು ಹೊತ್ತು ಇರಬೇಕು ಅಂತ ನಾವು ಸಮಯ ಕೊಟ್ಟರೂ ಅದು ಕೇಳುವುದಿಲ್ಲ. ಕ್ರಿಟಿಕಲ್ ಆದರೆ ತಾನಾಗಿ ಹೋಗುವುದಿಲ್ಲ. ಜೆನಿಟಿಯ ಹಾಗೆ ಸ್ಕ್ರಿಪ್ಟನ್ನು ಹಿಡಿದು ನಿಲ್ಲಿಸುವುದೂ ಇಲ್ಲ. ಸಮಯವನ್ನೂ 2:45ಕ್ಕೆ ಬದಲಾಯಿಸಿದೆ. ಎಲ್ಲರೂ ಊಟಕ್ಕೆ ಹೋಗಿರುವಾಗ ಪರದೆ ಮೇಲೆ ಸಂದೇಶ ಬರುವಂತೆ ಮಾಡಿದ್ದೆನಲ್ಲ, ಅದರ ಬಗ್ಗೆ ಜಾಸ್ತಿ ಹೇಳುವುದು ಬೇಡ.

ಉಳಿದದ್ದು ಕರೆಂಟಿನ ಸಮಸ್ಯೆ. ಸ್ಕ್ರಿಪ್ಟ್ ಓಡದೇ ಇದ್ದರೆ ಸೋತೆ ಅಂತ ಹೇಳುವವರೂ ಇರುವುದಿಲ್ಲ. ಕ್ರಾನ್ ಬಿಟ್ಟು, ಅದೇ ಕೆಲಸ ಮಾಡುವ ಸಿಸ್ಟಮ್‌ಡಿ ಟೈಮರ್‌ಗೆ ಬಂದೆ, ಆ ಬಳಕೆದಾರನ ಹೆಸರಿನಲ್ಲೇ. 'ಪರ್ಸಿಸ್ಟೆಂಟ್' ಅಂತ ಹಾಕಿದರೆ, ಮೆಷಿನ್ ಬಂದ್ ಇದ್ದಾಗ ತಪ್ಪಿಹೋದ ಸರದಿಯನ್ನು ಮುಂದಿನ ಸಲ ಲಾಗಿನ್ ಆದಾಗ ಓಡಿಸುತ್ತದೆ. ಬಸ್ಸಿನ ವಿಳಾಸ ಅದಕ್ಕೆ ಮೊದಲೇ ಗೊತ್ತು, ಕೈಯಾರೆ ಕೊಡಬೇಕಿಲ್ಲ. ಸ್ಕ್ರಿಪ್ಟ್ ಏನು ಕೂಗಿದರೂ ಜರ್ನಲ್ ಅನ್ನುವ ಅದರ ಲಾಗ್‌ನಲ್ಲಿ ಉಳಿಯುತ್ತದೆ, ಎಸೆಯುವ ಮಾತಿಲ್ಲ.

ಅದರ ಜೊತೆಗೆ ಪುಟ್ಟದೊಂದು ಎರಡನೇ ಸ್ಕ್ರಿಪ್ಟ್. ಮೊದಲನೆಯದು ಎಲ್ಲ ಪರೀಕ್ಷೆ ಪಾಸಾದರೆ ಮಾತ್ರ ಒಂದು ಫೈಲಿನಲ್ಲಿ ತಾರೀಕು ಬರೆಯುತ್ತದೆ. ಎರಡನೆಯದು ಲಾಗಿನ್ ಆದ ಕೂಡಲೇ ಆ ತಾರೀಕು ನೋಡಿ, 48 ಗಂಟೆ ದಾಟಿದ್ದರೆ "ಬ್ಯಾಕಪ್ ಆಗಿ ಇಷ್ಟು ದಿನ ಆಯ್ತು" ಅನ್ನುತ್ತದೆ. 48 ಯಾಕೆಂದರೆ ಶನಿವಾರ 2:45ರಿಂದ ಸೋಮವಾರ ಬೆಳಿಗ್ಗೆ 9ಕ್ಕೆ ಸುಮಾರು 42 ಗಂಟೆ, ಭಾನುವಾರದ ರಜೆಗೆ ಸುಳ್ಳು ಗಾಬರಿ ಆಗಬಾರದು. ಶನಿವಾರದ್ದು ತಪ್ಪಿದ್ದರೆ ಸೋಮವಾರ ಸಿಕ್ಕಿಬೀಳುತ್ತದೆ. ಎರಡನ್ನೂ ಒಂದೇ ಸ್ಕ್ರಿಪ್ಟ್‌ನಲ್ಲಿ ಸೇರಿಸಬಹುದಲ್ಲ ಅಂತ ಪರಿಚಯದ ಹುಡುಗನೊಬ್ಬ ಕೇಳಿದ. ಸೇರಿಸಬಾರದು. ಮಲಗಿದವನ ಹತ್ತಿರ ಎದ್ದಿದ್ದೀಯಾ ಅಂತ ಕೇಳಿದರೆ ಉತ್ತರ ಬರುವುದಿಲ್ಲ.

ಕೊಟ್ಟು ಬರುವ ಮುಂಚೆ ಈ ಸಲ ಎಲ್ಲವನ್ನೂ ಕೆಡಿಸಿ ನೋಡಿದೆ. ಪಾಸ್‌ವರ್ಡ್ ತಪ್ಪು ಮಾಡಿದೆ, ಪೆನ್‌ಡ್ರೈವ್ ಕಿತ್ತೆ, ಡಿಸ್ಕ್ ತುಂಬಿಸಿದೆ, ಟೈಮರ್ ನಿಲ್ಲಿಸಿ ತಾರೀಕಿನ ಫೈಲನ್ನು ಮೂರು ದಿನ ಹಳೆಯದು ಮಾಡಿದೆ. ಪ್ರತಿ ಸಲ ಅಕ್ಕನನ್ನು ಕರೆದು ಪರದೆ ತೋರಿಸಿ "ಇದು ಬಂದರೆ ಏನು ಮಾಡ್ತೀರಿ?" ಅಂತ ಕೇಳಿದೆ. ಡಿಸ್ಕ್ ತುಂಬಿದಾಗಿನ ಸಂದೇಶ ಅವರಿಗೆ ಅರ್ಥವಾಗಲಿಲ್ಲ. ಅದನ್ನು ಅವರ ಮಾತಿನಲ್ಲೇ ಬರೆದೆ: "ಪೆನ್‌ಡ್ರೈವ್‌ನಲ್ಲಿ ಜಾಗ ಇಲ್ಲ."

ಜುಲೈನಲ್ಲಿ ಮೂರು ದಿನ ಕರೆಂಟ್ ಇರಲಿಲ್ಲ. ನಾಲ್ಕನೇ ದಿನ ಬೆಳಿಗ್ಗೆ ದಿನಗಳ ಸಂದೇಶ ಬಂತು, ಹಿಂದೆಯೇ ತಪ್ಪಿದ್ದ ಬ್ಯಾಕಪ್ಪೂ ಓಡಿ ಚೀಟಿ ನಂಬರು ಬಂತು. ಅಕ್ಕ ಫೋನ್ ಕೂಡ ಮಾಡಲಿಲ್ಲ.

ಫೋನ್ ಬಂದದ್ದು ಆಗಸ್ಟ್‌ನಲ್ಲಿ. ಮಧ್ಯಾಹ್ನ 2:50.

"ಒಂದು ನಂಬರು ಕಮ್ಮಿ ತೋರಿಸ್ತಾ ಉಂಟು ಮಾರಾಯ್ರೆ. ಪುಸ್ತಕದಲ್ಲಿ 9313, ಇಲ್ಲಿ 9312."

ನನ್ನ ಎದೆ ಒಮ್ಮೆ ಧಸಕ್ ಅಂದಿತು. ದೂರದಿಂದಲೇ ಮೆಷಿನ್‌ಗೆ ಹೋಗಿ ಜರ್ನಲ್ ನೋಡಿದೆ, ಫೈಲ್ ನೋಡಿದೆ, ಅಸಲಿ ಡೇಟಾಬೇಸ್ ನೋಡಿದೆ. ಎಲ್ಲ ಕಡೆ 9312. ಅಕ್ಕನಿಗೆ ಹೇಳಿದೆ. ಆ ಕಡೆ ಸ್ವಲ್ಪ ಹೊತ್ತು ಹಾಳೆ ತಿರುಗಿಸುವ ಸದ್ದು.

"ಅಯ್ಯೋ. ಊಟಕ್ಕೆ ಏಳುವ ಗಡಿಬಿಡಿಯಲ್ಲಿ ಚೀಟಿ ಬರೆದು ಕೊಟ್ಟಿದ್ದೇನೆ, ಎಂಟ್ರಿನೇ ಮಾಡಿಲ್ಲ. ಎರಡು ಕ್ವಿಂಟಾಲ್ ರಾಶಿ."